ಮಂಡೆಬಿಸಿ ಎಂದರೆ ತಲೆನೋವಲ್ಲ

ಕತಾರಿನ ಅಲ್ ಗರಾಫಾದಲ್ಲಿ ನಾನು ಮೊದಲು ಕೆಲಸಕ್ಕಿದ್ದ ಕ್ಲಿನಿಕ್ಕಿನಿಂದ ಕಳೆದ ವಾರ ಫೋನು ಬಂತು. ಅವರು ಬೇರೆ ಕಟ್ಟಡಕ್ಕೆ ಹೋಗುತ್ತಿದ್ದಾರಂತೆ. ಹಳೆಯ ಕಾಗದದ ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಿ, ಆಮೇಲೆ ಯಂತ್ರಕ್ಕೆ ಹಾಕಿ ಚೂರು ಮಾಡಿಸುತ್ತಾರಂತೆ. ಎರಡು ಕಪಾಟುಗಳಲ್ಲಿ ಯಾವ ಕ್ರಮದಲ್ಲಿ ಜೋಡಿಸಿದ್ದು ಎಂಬುದರ ತಲೆಬುಡ ಈಗಿರುವವರಿಗೆ ತಿಳಿಯುತ್ತಿಲ್ಲ, ಜೋಡಿಸಿದವರು ನೀವೇ ಅಲ್ಲವೇ, ಒಮ್ಮೆ ಬಂದು ಹೋಗಿ ಎಂದು ಅಲ್ಲಿನ ಮ್ಯಾನೇಜರ್ ಕೇಳಿಕೊಂಡ. ಹೊಗಳಿದರೆ ಉಬ್ಬುವವಳು ನಾನು. ಈಗ ಅಲ್ ರಯ್ಯಾನಿನ ಒಂದು ಶಾಲೆಯ ಆಫೀಸಿನಲ್ಲಿದ್ದೇನೆ. ಅಲ್ಲಿನ ಕೆಲಸ ಮುಗಿಸಿ ಟ್ಯಾಕ್ಸಿ ಹಿಡಿದು ಹೋದೆ.

ಆರು ವರ್ಷಗಳಲ್ಲಿ ಗೋಡೆಯ ಬಣ್ಣ ಬದಲಾಗಿತ್ತು, ರೆಕಾರ್ಡ್ ರೂಮಿನ ಎ.ಸಿ. ಮಾತ್ರ ಮೊದಲಿನ ಹಾಗೆಯೇ ಗೊರಗೊರ ಎನ್ನುತ್ತಿತ್ತು. ಎರಡನೆಯ ಕಪಾಟಿನ ಬಾಗಿಲು ತೆಗೆದೆ. ಮೊದಲು ಧೂಳಿನ ವಾಸನೆ ಬಂತು. ಅದರ ಹಿಂದೆಯೇ ಸಾಸಿವೆ, ಇಂಗು, ನಮ್ಮ ಕಡೆ ಕಾಟುಮಾವು ಎನ್ನುವ ಕಾಡುಮಾವಿನ ಸೊನೆ. ಇಷ್ಟು ವರ್ಷವಾದ ಮೇಲೂ ಹೋಗಿರಲಿಲ್ಲ. ಉಪ್ಪಿನಕಾಯಿಯ ವಾಸನೆಗೆ ಎಲ್ಲರಿಗೂ ಬಾಯಲ್ಲಿ ನೀರು ಬರುತ್ತದೆ, ನನಗೆ ಕಣ್ಣಲ್ಲಿ ಬಂತು. ಮ್ಯಾನೇಜರ್ ಧೂಳಿಗೆ ಎಂದುಕೊಂಡು ಟಿಶ್ಯೂ ಕೊಟ್ಟ.

ಹುಡುಕುವ ಅಗತ್ಯವೇ ಇರಲಿಲ್ಲ. ಕೆಂಪು ಕಲೆ ಬಿದ್ದ ಫೈಲು ಇಡೀ ಕಪಾಟಿನಲ್ಲಿ ಒಂದೇ ಒಂದು. ಅದು ದೇವಪ್ಪನದು.

ಆರು ವರ್ಷದ ಹಿಂದೆ ನಾನು ಈ ಕ್ಲಿನಿಕ್ಕಿನ ರೆಕಾರ್ಡ್ ಕ್ಲರ್ಕ್ ಆಗಿದ್ದೆ, ಅದೂ ಹತ್ತು ವರ್ಷದಿಂದ. ಕಾರ್ಕಳದ ಕೊಂಕಣಿ ಮನೆಯವಳು, ಗಂಡನ ಹಿಂದೆ ಕತಾರಿಗೆ ಬಂದವಳು, ಬಿ.ಕಾಂ. ಓದಿದ್ದನ್ನು ಫೈಲು ಜೋಡಿಸಲು ಬಳಸಿದವಳು. ನನ್ನ ಕಪಾಟಿನಲ್ಲಿ ಒಂದು ಕಾಗದ ಆಚೀಚೆ ಆದರೆ ಊಟ ಸೇರುತ್ತಿರಲಿಲ್ಲ. ಫೈಲಿನಲ್ಲಿ ಇದ್ದದ್ದು ಸತ್ಯ, ಇಲ್ಲದ್ದು ನಡೆದೇ ಇಲ್ಲ ಎಂದು ನಂಬಿಕೊಂಡಿದ್ದೆ. ಕಾಗದದ ನಡುವೆ ಬದುಕುವವರಿಗೆ ಅಂಟುವ ರೋಗ ಅದು.

ಜುಲೈ ತಿಂಗಳು. ಹೊರಗೆ ಮರಳುಗಾಳಿ ಎದ್ದು ನಾಲ್ಕು ದಿನವಾಗಿತ್ತು, ಆಕಾಶ ಗೋಣಿಯ ಬಣ್ಣಕ್ಕೆ ತಿರುಗಿತ್ತು. ಶುಕ್ರವಾರ ನಮ್ಮಲ್ಲಿ ಸಂಜೆ ಮಾತ್ರ ಡಾಕ್ಟರು ಇರುತ್ತಿದ್ದರು; ನನಗೆ ರಜೆ, ಆದರೆ ಆ ವಾರ ಕೆಲಸ ಉಳಿದಿದ್ದರಿಂದ ನಾನೂ ಹೋಗಿದ್ದೆ. ಅಲ್ ರಯ್ಯಾನಿನಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟಿರುವ ಸುಳ್ಯದ ಸಿದ್ದೀಕ್ ತನ್ನ ಪಿಕಪ್ಪಿನಲ್ಲಿ ಒಬ್ಬನನ್ನು ಕರೆತಂದ. ಸಿದ್ದೀಕನ ಅಂಗಡಿಯಲ್ಲಿ ಕುಚ್ಚಲಕ್ಕಿ ಸಿಗುತ್ತಿದ್ದರಿಂದ ಅವನ ಪರಿಚಯ ನನಗೆ ಮೊದಲೇ ಇತ್ತು.

"ಅಕ್ಕ, ಇವ ನಮ್ಮ ಊರಿನವ, ದೇವಪ್ಪ ಗೌಡ. ಮೆಸಯೀದಿನ ಗ್ಯಾಸ್ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ಕಂಪೆನಿಯ ಕ್ಲಿನಿಕ್ಕಿಗೆ ಹೋಗ್ಲಿಕ್ಕೆ ಕೇಳುವುದಿಲ್ಲ. ಅಲ್ಲಿ ಬರೆದದ್ದು ಕಂಪೆನಿಗೆ ಗೊತ್ತಾಗ್ತದಂತೆ. ಸ್ವಲ್ಪ ನೋಡಿ ಮಾರಾಯ್ರೆ" ಎಂದು ಅವನನ್ನು ಬಿಟ್ಟು ಅಂಗಡಿಗೆ ಓಡಿದ.

ಮೂವತ್ತೈದರ ಒಳಗಿನ ಮನುಷ್ಯ. ಗಡ್ಡ ಬೋಳಿಸಿ, ಅಂಗಿ ಇಸ್ತ್ರಿ ಮಾಡಿ, ಮದುವೆಗೆ ಹೊರಟವನಂತೆ ಬಂದಿದ್ದ. ನಮ್ಮ ಡಾಕ್ಟರು ಈಜಿಪ್ಟಿನವರು, ವಯಸ್ಸಾದವರು, ಪೆನ್ನಿನ ತುದಿ ಕಚ್ಚುವ ಅಭ್ಯಾಸದವರು. ಅವರಿಗೆ ಅರಬ್ಬಿ ಮತ್ತು ಇಂಗ್ಲಿಷ್ ಬಿಟ್ಟು ಬೇರೆ ಬಾರದು. ದೇವಪ್ಪನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಅದು ವಾಲ್ವ್, ಪ್ರೆಶರ್, ಲೀಕೇಜಿನ ಇಂಗ್ಲಿಷ್. ಐದು ನಿಮಿಷ ಇಬ್ಬರೂ ಪರದಾಡಿದ ಮೇಲೆ ನರ್ಸ್ ಬಂದು ನನ್ನನ್ನು ಎಬ್ಬಿಸಿಕೊಂಡು ಹೋದಳು.

ಅವನ ಮನೆಮಾತು ಸುಳ್ಯದ ಗೌಡರ ಅರೆಭಾಷೆ, ನನ್ನದು ಕೊಂಕಣಿ. ನಡುವೆ ಇಬ್ಬರಿಗೂ ದಕ್ಷಿಣ ಕನ್ನಡದ ಕನ್ನಡ. ಅವನು ನನ್ನ ಮುಖ ನೋಡದೆ ನೆಲ ನೋಡುತ್ತ ಹೇಳಿದ.

"ಮಂಡೆಬಿಸಿ ಅಕ್ಕ. ಮೇ ತಿಂಗಳಲ್ಲಿ ಅಪ್ಪ ಹೋದ್ರು, ಆವತ್ತಿಂದ. ನಿದ್ದೆ ಇಲ್ಲ. ಊಟ ಗಂಟಲಲ್ಲಿ ಇಳಿಯುವುದಿಲ್ಲ. ಕೆಲವು ದಿನ ಬೆಳಿಗ್ಗೆ ಏಳುವುದೇ ಬೇಡ, ಇಲ್ಲಿಗೇ ಮುಗಿದ್ರೆ ಸಾಕು ಅಂತ ಆಗ್ತದೆ. ಮೊದಲು ಹಾಗೆ ಅನಿಸಿದ್ರೆ ಹೆದರಿಕೆ ಆಗ್ತಿತ್ತು. ಈಗ ಹೆದರಿಕೆ ಸಹ ಇಲ್ಲ."

ಡಾಕ್ಟರು ಪೆನ್ನು ಹಿಡಿದು ನನ್ನತ್ತ ನೋಡಿದರು. ದೇವಪ್ಪ ತಗ್ಗಿದ ದನಿಯಲ್ಲಿ ಸೇರಿಸಿದ: "ಆ ಕಡೆಯ ಮಾತು ಬರೆಯುವುದು ಬೇಡ ಅಕ್ಕ. ನಿಮ್ಮ ಹತ್ರ ಹೇಳಿದ್ದು."

ನಾನು ಎಷ್ಟು ಹೊತ್ತು ಯೋಚಿಸಿದೆ ಎಂದು ಕೇಳಿದರೆ, ಯೋಚಿಸಲೇ ಇಲ್ಲ. ನಮ್ಮ ಕಡೆ ಒಬ್ಬನಿಗೆ ಮಂಡೆ ಸಮ ಇಲ್ಲ ಎಂದು ಒಮ್ಮೆ ಹೆಸರು ಬಿದ್ದರೆ ಅದು ಅವನ ತಂಗಿಯ ಮದುವೆಯವರೆಗೂ ಹೋಗುತ್ತದೆ. ಇಲ್ಲಿ ಕಂಪೆನಿಗೆ ತಿಳಿದರೆ ವೀಸಾದ ಗತಿಯೇನೋ ಯಾರಿಗೆ ಗೊತ್ತು. ಊರಿನ ಹುಡುಗ, ನಂಬಿ ಹೇಳಿದ್ದಾನೆ, ಕಾಪಾಡಬೇಕು ಎನಿಸಿತು. "ಹೆಡ್ಏಕ್, ಡಾಕ್ಟರ್. ನೋ ಸ್ಲೀಪ್. ಫಾದರ್ ಎಕ್ಸ್‌ಪೈರ್ಡ್" ಎಂದೆ.

ಡಾಕ್ಟರು ಪಾಪ ಎಂಬಂತೆ ತಲೆಯಾಡಿಸಿ ಬರೆದರು. ತಲೆನೋವು, ನಿದ್ರಾಹೀನತೆ. ತಲೆನೋವಿನ ಮಾತ್ರೆ, ಹೆಚ್ಚು ನೀರು, ಬಿಸಿಲಿಗೆ ಹೋಗಬೇಡ. ದೇವಪ್ಪ ಹೊರಗೆ ಬಂದು ನನಗೆ ಕೈ ಮುಗಿದ. ದೊಡ್ಡ ಉಪಕಾರ ಮಾಡಿದೆನೆಂದು ನಾನೂ ಬೀಗಿದೆ. ಕರಾವಳಿಯಲ್ಲಿ ಹುಟ್ಟಿದ ಮೂರು ವರ್ಷದ ಮಗುವಿಗೂ ಮಂಡೆಬಿಸಿ ಎಂದರೆ ತಲೆನೋವಲ್ಲ ಎಂದು ಗೊತ್ತಿರುತ್ತದೆ. ನನಗೂ ಗೊತ್ತಿತ್ತು.

ಮಾತ್ರೆಯಿಂದ ಆಗದ್ದನ್ನು ನಾನೇ ಮಾಡಿಬಿಡುತ್ತೇನೆ ಎಂದು ಹೊರಟದ್ದು ಆ ವರ್ಷದ ನನ್ನ ಹುಚ್ಚು. ಶುಕ್ರವಾರ ಅವನಿಗೆ ರಜೆ. ಮೆಸಯೀದಿನಿಂದ ಕಂಪೆನಿಯ ಬಸ್ಸು ದೋಹಾಕ್ಕೆ ಬರುತ್ತಿತ್ತು, ಅಲ್ಲಿಂದ ನಮ್ಮ ಮನೆಗೆ. ಆಗಸ್ಟಿನಲ್ಲಿ ಗಾಳಿ ನಿಂತು ಸೆಕೆ ಒದ್ದೆಯಾಯಿತು. ಕನ್ನಡಕ ಹಾಕಿಕೊಂಡು ಹೊರಗೆ ಕಾಲಿಟ್ಟರೆ ಗಾಜು ಮಂಜಾಗಿ ದಾರಿ ಕಾಣುತ್ತಿರಲಿಲ್ಲ. ಆ ಸೆಕೆಯಲ್ಲಿ ಬೆವರು ಒರೆಸುತ್ತ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಅಕ್ಕ, ಗಂಜಿ ಉಂಟಾ?" ಎನ್ನುತ್ತಿದ್ದ. ಅವನ ಬಟ್ಟೆಯಲ್ಲಿ ಪ್ಲಾಂಟಿನ ಸುಟ್ಟ ಗ್ಯಾಸಿನ ವಾಸನೆ ಇರುತ್ತಿತ್ತು. ಎಷ್ಟು ಒಗೆದರೂ ಹೋಗುವುದಿಲ್ಲ ಎನ್ನುತ್ತಿದ್ದ.

ಗಂಜಿಗೆ ಅವನೇ ಉಪ್ಪಿನಕಾಯಿ ತರುತ್ತಿದ್ದ. ಅದರದೂ ಒಂದು ಕಥೆ. ಅವನ ಅಪ್ಪ ಆ ವರ್ಷ ಮಾರ್ಚಿನಲ್ಲಿ ಹೊಳೆಬದಿಯ ಕಾಟುಮಾವಿನ ಮರದಿಂದ ಮಿಡಿ ಕೊಯ್ಯಿಸಿ ತಂದು, ತೊಟ್ಟು ಮುರಿಯದಂತೆ ಉಪ್ಪಿಗೆ ಹಾಕಿಸಿದ್ದರು. ಮೇಯಲ್ಲಿ ತೀರಿಕೊಂಡರು. ಮೂರನೆಯ ದಿನಕ್ಕೆ ಊರು ಮುಟ್ಟಿದ ದೇವಪ್ಪ, ವಾಪಸು ಬರುವಾಗ ಆ ಮಿಡಿಯ ಒಂದು ಬಾಟಲಿ ತಂದಿದ್ದ. ವಾರಕ್ಕೊಂದೇ ಮಿಡಿ ತೆಗೆಯುತ್ತಿದ್ದ, ಅದೂ ಶುಕ್ರವಾರದ ಗಂಜಿಗೆ. ನಾನು ಇನ್ನೊಂದಕ್ಕೆ ಚಮಚ ಹಾಕಿದರೆ ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ.

"ಅಪ್ಪ ತಂದ ಮಿಡಿ ಅಕ್ಕ. ಇದು ಮುಗಿದ್ರೆ ಮತ್ತೆ ಇಲ್ಲ."

"ಜಿಪುಣ. ನಿನ್ನ ಅಪ್ಪ ಇದ್ದಿದ್ದರೆ ನನಗೆ ಎರಡು ಬಡಿಸುತ್ತಿದ್ದರು" ಎಂದರೆ ನಗುತ್ತಿದ್ದ. ಅವನು ನಕ್ಕ ಶುಕ್ರವಾರಗಳು ನನಗೆ ನೆನಪಿವೆ.

ಕೋವಿಯ ಸುದ್ದಿ ಮೊದಲು ಬಂದದ್ದು ಅಕ್ಟೋಬರಿನಲ್ಲಿ, ಸೆಕೆ ಮುರಿದು ಸಂಜೆ ಹೊರಗೆ ಕೂರುವಂತಾದಾಗ. ನಾನು, ನಮ್ಮವರು, ದೇವಪ್ಪ ಮೂವರೂ ಮೆಸಯೀದಿನಿಂದ ಆಚೆ ಮರಳುಗುಡ್ಡ ಸಮುದ್ರಕ್ಕೆ ಇಳಿಯುವ ಕಡೆ ಚಾಪೆ ಹಾಸಿ ಕೂತಿದ್ದೆವು. ದೂರದಲ್ಲಿ ಪ್ಲಾಂಟಿನ ಚಿಮಣಿಯ ಬೆಂಕಿ. ಅವನ ಅಪ್ಪನಲ್ಲಿ ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಕೋವಿ ಇತ್ತಂತೆ. ಆ ಮನುಷ್ಯ ಅದರಲ್ಲಿ ಒಂದು ಕೊಕ್ಕರೆಯನ್ನೂ ಹೊಡೆದವರಲ್ಲ. ಬಾಳೆಗೊನೆಗೆ ಮಂಗಗಳು ಬಂದರೆ ಆಕಾಶಕ್ಕೆ ಒಂದು ಈಡು. ಆಯುಧಪೂಜೆಗೆ ಕುಂಕುಮ, ವಾರಕ್ಕೊಮ್ಮೆ ತೆಂಗಿನೆಣ್ಣೆಯ ಬಟ್ಟೆ. ಚುನಾವಣೆ ಬಂದಾಗ ಎಲ್ಲರಂತೆ ಸ್ಟೇಷನ್ನಿಗೆ ಒಪ್ಪಿಸಬೇಕು, ಮುಗಿದ ಮೇಲೆ ತರಬೇಕು. ಕೋವಿಯನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ, ಜೀಪಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದರಂತೆ.

"ಅಪ್ಪ ಹೋದ ಮೇಲೆ ಸ್ಟೇಷನ್ನಿಗೆ ಒಪ್ಪಿಸಿದ್ದು, ಅಲ್ಲೇ ಉಂಟು" ಎಂದ ದೇವಪ್ಪ. "ನನ್ನ ಹೆಸರಿಗೆ ಲೈಸೆನ್ಸ್ ಮಾಡಿದ್ರೆ ಕೊಡ್ತಾರೆ. ಇಲ್ಲದಿದ್ರೆ ಹೋಯ್ತು. ಅದರ ಹಿಡಿಯಲ್ಲಿ ಅಪ್ಪನ ಕೈ ಸವೆದ ಗುರುತು ಉಂಟು ಅಕ್ಕ. ಅಲ್ಲಿ ಕೈ ಇಟ್ರೆ ಅಪ್ಪನ ಕೈ ಹಿಡಿದ ಹಾಗೆ."

ಆಗ ನನಗೆ ಅದರಲ್ಲಿ ಹೆದರುವಂಥದ್ದು ಏನೂ ಕಾಣಲಿಲ್ಲ. ಅಪ್ಪನ ಕನ್ನಡಕ, ಅಪ್ಪನ ಕೊಡೆ ಬೇಕು ಎನ್ನುವುದಿಲ್ಲವೇ ಜನ, ಹಾಗೆಯೇ ಎಂದುಕೊಂಡೆ. ಆ ಸಂಜೆಯ ಗಾಳಿ ಅಷ್ಟು ಹಿತವಾಗಿತ್ತು. ಈಗಲೂ ಕತಾರ್ ಎಂದರೆ ನನಗೆ ಮೊದಲು ನೆನಪಾಗುವುದು ಆ ಚಾಪೆ, ಮರಳು ಸೇರಿ ಕರುಂಕುರುಂ ಎನ್ನುತ್ತಿದ್ದ ಚಕ್ಕುಲಿ, ಅಪ್ಪನ ಬಗ್ಗೆ ಹೇಳುತ್ತ ಹೇಳುತ್ತ ಕಾಲು ಚಾಚಿ ಮಲಗಿಬಿಟ್ಟ ದೇವಪ್ಪ. ಅವನಿಗೆ ನಿದ್ದೆ ಬಂದದ್ದನ್ನು ಕಂಡು ನಾನು ಗೆದ್ದೆ ಅಂದುಕೊಂಡೆ.

ಡಿಸೆಂಬರಿನಲ್ಲಿ ಎರಡು ದಿನ ಮಳೆ ಬಂತು. ಮಳೆ ಅಂದರೆ ಇಲ್ಲಿನ ಮಳೆ, ರಸ್ತೆಯಲ್ಲಿ ನೀರು ನಿಂತರೆ ಶಾಲೆಗೆ ರಜೆ ಕೊಡುವಂಥದ್ದು. ಎರಡನೆಯ ದಿನ ಗುರುವಾರ, ದೇವಪ್ಪ ಪ್ಯಾಂಟು ಮಡಚಿಕೊಂಡು ಕ್ಲಿನಿಕ್ಕಿಗೇ ಬಂದ. ಕೆಲಸ ಬಿಟ್ಟಿದ್ದೇನೆ, ಜನವರಿಯಲ್ಲಿ ಊರಿಗೆ, ಮತ್ತೆ ಬರುವುದಿಲ್ಲ ಎಂದ. ಮುಖ ಅರಳಿತ್ತು. ಲೈಸೆನ್ಸಿನ ಅರ್ಜಿಗೆ ಮನಸ್ಸು ಸ್ವಸ್ಥವಾಗಿದೆ ಎಂಬ ಡಾಕ್ಟರ ಸರ್ಟಿಫಿಕೇಟ್ ಬೇಕಂತೆ. ಊರಿನ ಡಾಕ್ಟರು, ಹತ್ತು ವರ್ಷ ನೀನು ಇಲ್ಲಿರಲಿಲ್ಲ, ಅಲ್ಲಿ ತೋರಿಸಿದ ಕ್ಲಿನಿಕ್ಕಿನಿಂದ ಒಂದು ಪತ್ರ ತಾ ಎಂದಿದ್ದರಂತೆ.

"ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದಿಲ್ಲ ಅಂತ ಬರೆದ್ರೆ ಆಯ್ತು ಅಕ್ಕ. ಫೈಲಿನಲ್ಲಿ ಹಾಗೇ ಉಂಟಲ್ಲ."

ಹೌದು, ಫೈಲಿನಲ್ಲಿ ಹಾಗೆಯೇ ಇತ್ತು. ನಾನೇ ಹಾಗೆ ಮಾಡಿಟ್ಟಿದ್ದೆ.

"ಮಂಡೆಬಿಸಿ ಹೇಗುಂಟು ಈಗ?" ಎಂದು ಕೇಳಿದೆ.

"ಖಲಾಸ್ ಅಕ್ಕ. ಊರಿಗೆ ಹೋದ ಮೇಲೆ ಎಲ್ಲ ಖಲಾಸ್."

ಕುಕ್ಕರನ್ನು, ಹೊದಿಕೆಯನ್ನು, ಶೂಗಳನ್ನು ರೂಮಿನವರಿಗೆ ಹಂಚಿಯಾಯಿತು ಎಂದು ಹೇಳಿದ. ಗಲ್ಫ್ ಬಿಟ್ಟು ಹೋಗುವವರೆಲ್ಲ ಮಾಡುವುದೇ ಅದು, ಅದರಲ್ಲಿ ವಿಶೇಷವಿಲ್ಲ. ಆಮೇಲೆ ಚೀಲದಿಂದ ಬಾಟಲಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟ. ಅರ್ಧ ಬಾಟಲಿ ಮಿಡಿ ಇತ್ತು. "ಇದನ್ನು ನೀವೇ ತಿನ್ನಿ. ನನಗಿನ್ನು ಬೇಡ" ಎಂದು, ಶನಿವಾರ ಬಂದು ಪತ್ರ ತೆಗೆದುಕೊಂಡು ಹೋಗುತ್ತೇನೆಂದು ಹೊರಟ.

ನಾನು ಅವನ ಫೈಲು ತೆಗೆದು ಪತ್ರ ಟೈಪು ಮಾಡಿದೆ. ನಾಲ್ಕು ಸಾಲು. ಒಂದೊಂದು ಸಾಲೂ ದಾಖಲೆಯ ಪ್ರಕಾರ ಸರಿ. ಡಾಕ್ಟರ ಸಹಿಗೆ ಎಂದು ಫೈಲಿನೊಳಗಿಟ್ಟು, ಫೈಲನ್ನು ಕಪಾಟಿನಲ್ಲಿ ಮಲಗಿಸಿ, ಬಾಟಲಿಯನ್ನು ಅದರ ಮೇಲೆಯೇ ಇಟ್ಟು ಮನೆಗೆ ಬಂದೆ. ಮರುದಿನ ಶುಕ್ರವಾರ, ನನಗೆ ರಜೆ. ದೇವಪ್ಪ ಬರಲಿಲ್ಲ, ಆದರೂ ಗಂಜಿ ಮಾಡಿದೆ. ಬಡಿಸುವಾಗ ನಮ್ಮವರು ಸುಮ್ಮನೆ ಕೇಳಿದರು, "ದೇವಪ್ಪನ ಮಿಡಿ ಇಲ್ಲವಾ ಇವತ್ತು?"

ಸೌಟು ಕೈಯಲ್ಲೇ ಉಳಿಯಿತು. ಕುಕ್ಕರು ಕೊಡಬಹುದು, ಹೊದಿಕೆ ಕೊಡಬಹುದು. ಒಂದು ಮಿಡಿಗೆ ಚಮಚ ಹಾಕಿದರೆ ಬಾಟಲಿ ಎಳೆದುಕೊಳ್ಳುವವನು, ಮುಗಿದರೆ ಮತ್ತೆ ಇಲ್ಲ ಎನ್ನುವವನು, ಅಪ್ಪನ ಕೊನೆಯ ಮಿಡಿಯನ್ನು ಅರ್ಧ ಬಾಟಲಿ ಉಳಿದಿರುವಾಗಲೇ ಯಾರಿಗಾದರೂ ಕೊಡುತ್ತಾನೆಯೇ? ಊರಿಗೆ ಹೋಗುವವನಿಗೆ ಬೇಡದ್ದು ಕುಕ್ಕರು. ಮಿಡಿ ಬೇಡ ಎನ್ನುವವನು ಹೊರಟದ್ದು ಊರಿಗಲ್ಲ. ಜುಲೈಯಲ್ಲಿ ಅವನು ನೆಲ ನೋಡುತ್ತ ಹೇಳಿದ ಮಾತು ಅಕ್ಷರ ಬಿಡದೆ ನೆನಪಾಯಿತು. ಅದು ಯಾವ ಕಪಾಟಿನಲ್ಲೂ ಇರಲಿಲ್ಲ, ನನ್ನೊಬ್ಬಳ ತಲೆಯಲ್ಲಿತ್ತು. ಅರ್ಜಿ ನೋಡುವ ಆಫೀಸರಿಗೆ ಕಾಗದ ಬೇಕು, ಕಾಗದಕ್ಕೆ ನಾನು ಹೇಳಿದ್ದಷ್ಟೇ ಗೊತ್ತು.

ಶನಿವಾರ ಬೆಳಿಗ್ಗೆ ಕಪಾಟು ತೆಗೆದರೆ ಬಾಟಲಿ ವಾಲಿ, ಮುಚ್ಚಳದಿಂದ ಕೆಂಪು ರಸ ಸೋರಿ ಫೈಲಿನ ಮೂಲೆ ನೆನೆದಿತ್ತು. ಹತ್ತು ವರ್ಷದಲ್ಲಿ ನನ್ನ ಕಪಾಟಿನಲ್ಲಿ ಆದ ಮೊದಲ ಕಲೆ. ಬೇರೆ ದಿನವಾಗಿದ್ದರೆ ಅಳುತ್ತಿದ್ದೆ. ಅವತ್ತು ಅದನ್ನು ಹಾಗೆಯೇ ಎತ್ತಿಕೊಂಡು ಡಾಕ್ಟರ ಕೋಣೆಗೆ ಹೋದೆ.

ನಾನು ಜುಲೈಯಲ್ಲಿ ತಪ್ಪು ಹೇಳಿದೆ ಎಂದೆ. ತಪ್ಪಿ ಹೇಳಿದ್ದಲ್ಲ, ಬೇಕೆಂದೇ ಹೇಳಿದ್ದು ಎಂದೆ. ಅವರು ಪೆನ್ನಿನ ತುದಿ ಕಚ್ಚುವುದನ್ನು ಬಿಟ್ಟು ಕಲೆಯಾದ ಫೈಲನ್ನು ತಮ್ಮತ್ತ ಎಳೆದುಕೊಂಡರು.

"ನೀನು ಹುಣ್ಣನ್ನು ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದೆ. ನಾನು ಐದು ತಿಂಗಳು ಬಟ್ಟೆಗೆ ಔಷಧ ಹಚ್ಚಿದೆ" ಎಂದರು ಇಂಗ್ಲಿಷಿನಲ್ಲಿ. ಬೈಗುಳ ಅಷ್ಟೇ. ಆಮೇಲೆ, "ಅವನು ಬಂದ ಕೂಡಲೇ ಇಲ್ಲಿಗೆ ಕರೆದುಕೊಂಡು ಬಾ. ಈ ಸಲ ಒಂದು ಪದವನ್ನೂ ನುಂಗಬೇಡ" ಎಂದರು.

ಹನ್ನೊಂದಕ್ಕೆ ದೇವಪ್ಪ ಬಂದ. ಜುಲೈಯಲ್ಲಿ ಕೂತ ಕುರ್ಚಿಯಲ್ಲೇ ಕೂತ. ಮೇಜಿನ ಮೇಲೆ ಕಲೆಯಾದ ಫೈಲು, ಅಂಟಂಟಾದ ಬಾಟಲಿ. ಸೋರಿತಾ ಎಂದು ಮೊದಲು ಕೇಳಿದ್ದು ಅವನೇ.

"ಇದನ್ನು ನನಗೆ ಯಾಕೆ ಕೊಟ್ಟೆ ದೇವಪ್ಪ?" ಎಂದೆ.

ಅವನು ಬಾಟಲಿಯನ್ನೇ ನೋಡಿದ. ಮತ್ತೆ ಡಾಕ್ಟರನ್ನು, ಮತ್ತೆ ನನ್ನನ್ನು. ನಾನು ಹೇಳಿಬಿಟ್ಟಿದ್ದೇನೆ ಎಂದು ಅವನಿಗೆ ತಿಳಿದ ಕ್ಷಣವನ್ನು ನಾನು ನೋಡಿದೆ. ಅಷ್ಟು ವರ್ಷ ಗಂಡನ ಮುಖ, ರೋಗಿಗಳ ಮುಖ ಎಲ್ಲ ನೋಡಿದ್ದೇನೆ, ನನ್ನಿಂದಾಗಿ ಒಂದು ಮುಖ ಹಾಗೆ ಮುಚ್ಚಿಕೊಂಡದ್ದನ್ನು ಕಂಡದ್ದು ಅದೊಂದೇ ಸಲ.

"ಇಷ್ಟು ಶುಕ್ರವಾರ ನಿಮ್ಮ ಮನೆಗೆ ಬಂದದ್ದು ಈ ಫೈಲಿಗೆ ಬರೆಸ್ಲಿಕ್ಕಾ ಅಕ್ಕ?" ಎಂದ.

ಅದನ್ನೂ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಪದವನ್ನೂ ನುಂಗುವಂತಿರಲಿಲ್ಲವಲ್ಲ.

ಎದ್ದು ಹೋಗುತ್ತಾನೆ ಎಂದುಕೊಂಡೆ, ಹೋಗಲಿಲ್ಲ. ಡಾಕ್ಟರು ಒಂದೊಂದಾಗಿ ಕೇಳಿದರು. ಅವನು ನನ್ನತ್ತ ನೋಡದೆ ಗೋಡೆಗೆ ಹೇಳಿದ. ಅಪ್ಪ ಫೋನು ಮಾಡಿದ್ದು, ಪ್ಲಾಂಟು ರಿಪೇರಿಗೆಂದು ನಿಲ್ಲಿಸಿ ಉಸಿರಾಡಲೂ ಬಿಡುವಿಲ್ಲದ ದಿನಗಳು, ಆಮೇಲೆ ಮಾಡ್ತೇನೆ ಅಪ್ಪ ಎಂದು ಇಟ್ಟದ್ದು, ಮಾಡದೇ ಹೋದದ್ದು, ಮರುದಿನವೇ ಅಪ್ಪ ತೀರಿಕೊಂಡದ್ದು. ಐದು ತಿಂಗಳ ಶುಕ್ರವಾರಗಳಲ್ಲಿ ಇದನ್ನು ಅವನು ನನಗೆ ಹೇಳಿರಲಿಲ್ಲ, ನಾನು ಗಂಜಿ ಬಡಿಸುತ್ತಿದ್ದೆ ಹೊರತು ಕೇಳಿರಲಿಲ್ಲ. ಕೊನೆಗೆ ಡಾಕ್ಟರು ಕೋವಿಯ ಬಗ್ಗೆ ನೇರವಾಗಿ ಕೇಳಿದರು. ಅವನು ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಿದ.

"ಅದು ಮನೆಗೆ ಬಂದ ಮೇಲೆ ಎಂತ ಅಂತ ನಾನು ಯೋಚನೆಯೇ ಮಾಡಿಲ್ಲ ಹೇಳಿದ್ರೆ ಸುಳ್ಳಾಗ್ತದೆ" ಎಂದ.

ನಾನು ಅನುವಾದಿಸಿದೆ. ಡಾಕ್ಟರು ಬರೆಯುತ್ತ ಬರೆಯುತ್ತ, ಮೊದಲು ಒಂದು ಪದ ಹೇಳಿದನಲ್ಲ, ನೀನು ತಲೆನೋವು ಮಾಡಿದ್ದು, ಅದೇನು ಎಂದರು. ಮಂಡೆಬಿಸಿ ಎಂದೆ. ಅದಕ್ಕೆ ಇಂಗ್ಲಿಷಿನಲ್ಲಿ ಪದವಿಲ್ಲ, ತಲೆಯೊಳಗೆ ಒಲೆ ಉರಿಯುತ್ತಿರುತ್ತದೆ, ಮುಟ್ಟಿದರೆ ಹಣೆ ತಣ್ಣಗೆ ಎಂದೆ. ಅವರು ಅದನ್ನು ಹಾಗೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡರು.

ನಾನು ಟೈಪು ಮಾಡಿದ ಪತ್ರವನ್ನು ಅವರು ಹರಿದು ಬೇರೆ ಬರೆಸಿದರು. ಈತ ಖಿನ್ನತೆಗೆ ಚಿಕಿತ್ಸೆ ಪಡೆಯಬೇಕಾಗಿದೆ, ಈಗ ಆಯುಧ ಇಟ್ಟುಕೊಳ್ಳುವುದು ತಕ್ಕದ್ದಲ್ಲ, ಗುಣವಾದ ಮೇಲೆ ಮತ್ತೆ ಪರೀಕ್ಷಿಸಬಹುದು. ನಿನ್ನ ಸಹಿ ಇಲ್ಲದೆ ಇದು ಯಾರ ಕೈಗೂ ಹೋಗುವುದಿಲ್ಲ, ಕಂಪೆನಿಗೂ ಇಲ್ಲ ಎಂದು ಮೂರು ಸಲ ಹೇಳಿದರು. ಅವತ್ತೇ ಫೋನು ಮಾಡಿ ದೋಹಾದ ದೊಡ್ಡ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳಿಸಿಕೊಟ್ಟರು. ಹೊರಡುವ ಮೊದಲು ಅವನು ಅಲ್ಲಿಗೆ ಎರಡು ಸಲ ಹೋದನೆಂದು ಅವರಿಂದ ಬಂದ ಉತ್ತರದಲ್ಲಿತ್ತು. ನಾನದನ್ನು ಫೈಲಿಗೆ ಸೇರಿಸಿದೆ.

ಆ ಪತ್ರಕ್ಕೆ ಅವನು ಸಹಿ ಹಾಕಲಿಲ್ಲ, ತೆಗೆದುಕೊಳ್ಳಲೂ ಇಲ್ಲ. ಬಾಟಲಿಯನ್ನು ಮಾತ್ರ ಎತ್ತಿಕೊಂಡು, ಅಂಟಿದ ರಸವನ್ನು ತನ್ನ ಕರವಸ್ತ್ರದಲ್ಲಿ ಒರೆಸಿ, ಚೀಲಕ್ಕೆ ಹಾಕಿಕೊಂಡು ಹೋದ. ಜನವರಿಯಲ್ಲಿ ಊರಿಗೆ ಹೊರಟಾಗ ನನಗೆ ಹೇಳಲಿಲ್ಲ. ನಾನು ಮಾಡಿದ ಫೋನುಗಳನ್ನು ಎತ್ತಲಿಲ್ಲ. ಫೆಬ್ರವರಿಯಲ್ಲಿ ಆ ನಂಬರೇ ಇಲ್ಲವಾಯಿತು.

ಬಾಟಲಿ ತೆಗೆದುಕೊಂಡು ಹೋದ ಎಂಬುದೊಂದೇ ನನಗಿದ್ದ ಆಸರೆ. ಆದರೆ ಊರಿನಲ್ಲಿ ಇನ್ನೊಬ್ಬ ಡಾಕ್ಟರ ಒಂದು ಸಹಿ ಸಿಗುವುದು ಅಂಥ ಕಷ್ಟದ್ದೇನಲ್ಲ. ಯಾರೂ ನನ್ನ ಕಪಾಟು ತೆಗೆದು ನೋಡುವುದಿಲ್ಲ. ಕೋವಿ ಅವನ ಕೈಗೆ ಬಂದಿತೋ, ಬಂದ ಮೇಲೆ ಏನಾಯಿತೋ ಎಂದು ತಿಳಿಯಬೇಕಾದರೆ ಸಿದ್ದೀಕನನ್ನು ಕೇಳಿದರೆ ಸಾಕಿತ್ತು. ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ. ಸಿದ್ದೀಕನ ಅಂಗಡಿಯ ರಸ್ತೆಯನ್ನೇ ಬಿಟ್ಟೆ. ಕುಚ್ಚಲಕ್ಕಿಗೆ ಮೂರು ಸಿಗ್ನಲ್ ದಾಟಿ ಬೇರೆ ಕಡೆ ಹೋಗತೊಡಗಿದೆ. ಮರುವರ್ಷ ಕ್ಲಿನಿಕ್ಕಿನ ಕೆಲಸವನ್ನೂ ಬಿಟ್ಟೆ. ನಮ್ಮವರು ಒಂದೆರಡು ಸಲ "ಕೇಳುವಾ ಮಾರಾಯ್ತಿ" ಎಂದರು. ಅವರ ಮೇಲೇ ಹರಿಹಾಯ್ದೆ. ಆರು ವರ್ಷ ಶುಕ್ರವಾರ ಗ್ಯಾಸಿನ ವಾಸನೆಯ ಅಂಗಿ ಹಾಕಿದ ಯಾರಾದರೂ ಲಿಫ್ಟಿನಲ್ಲಿ ಪಕ್ಕ ನಿಂತರೆ ಮುಖ ನೋಡುತ್ತಿದ್ದೆ. ತಮ್ಮ ಇಲ್ಲದವಳು ನಾನು. ಇದ್ದಿದ್ದರೆ ಹೀಗೇ ಕಳೆದುಕೊಳ್ಳುತ್ತಿದ್ದೆನೋ ಏನೋ.

ಕಳೆದ ವಾರ ಆ ಫೈಲು ತೆರೆದೆ. ಪತ್ರ ಅಲ್ಲೇ ಇತ್ತು, ಅವನ ಸಹಿಯ ಜಾಗ ಖಾಲಿಯಾಗಿಯೇ ಇತ್ತು. ಹಿಂದಿನ ಹಾಳೆಯಲ್ಲಿ ಡಾಕ್ಟರ ಕೋಳಿಕಾಲಿನ ಬರಹದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ನಮ್ಮ ಕರಾವಳಿಯ ಮಂಡೆಬಿಸಿ. ಮ್ಯಾನೇಜರ್ ಇಣುಕಿ, ಇದು ಯಾವ ಮಾತ್ರೆಯ ಹೆಸರು ಎಂದ. ನಾನು ಫೈಲನ್ನು ಸ್ಕ್ಯಾನಿನ ರಾಶಿಗೆ ಸೇರಿಸಿದೆ. ಸ್ಕ್ಯಾನಿನಲ್ಲಿ ಕಲೆ ಬರುತ್ತದೆ, ವಾಸನೆ ಬರುವುದಿಲ್ಲ. ಈ ಕಾಗದ ಚೂರಾದರೆ ಆ ವಾಸನೆ ಲೋಕದಲ್ಲಿ ಇನ್ನೆಲ್ಲೂ ಇರುವುದಿಲ್ಲ ಎನಿಸಿತು. ಹೊರಗೆ ಬಂದು ಟ್ಯಾಕ್ಸಿಯವನಿಗೆ ಮನೆಯ ದಾರಿ ಹೇಳುವ ಬದಲು ಸಿದ್ದೀಕನ ಅಂಗಡಿಯ ದಾರಿ ಹೇಳಿದೆ.

ಸಿದ್ದೀಕನ ಗಡ್ಡ ಬಿಳಿಯಾಗಿತ್ತು. "ಎಂತ ಅಕ್ಕ, ದಾರಿ ತಪ್ಪಿ ಬಂದ್ರಾ?" ಎಂದ.

"ಸಿದ್ದೀಕ್, ದೇವಪ್ಪ..." ಎಂದೆ. ಅಕ್ಕಿಚೀಲದ ಮೇಲೆ ಕೂತುಬಿಟ್ಟೆ.

ಅವನು ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟ. "ಅಂತೂ ಕೇಳಿದ್ರಲ್ಲ" ಎಂದು ಹಿಂದಿನ ಕೋಣೆಗೆ ಹೋದ. ಬರುವಾಗ ಕೈಯಲ್ಲೊಂದು ಪೊಟ್ಟಣವಿತ್ತು.

"ಇದು ಈ ವರ್ಷದ್ದು. ಹೋದ ತಿಂಗಳು ಲೀವಿಗೆ ಹೋದಾಗ ಕೊಟ್ಟ. ಮೊದಲನೇ ವರ್ಷದಿಂದಲೂ ಕೊಡ್ತಾನೆ ಅವ. ಅಕ್ಕ ಬಂದು ನನ್ನ ವಿಷಯ ಕೇಳಿದ್ರೆ ಕೊಡು, ಕೇಳದಿದ್ರೆ ನೀನಾಗಿ ಕೊಡುವುದು ಬೇಡ ಅಂದ. ನೀವು ಈ ರೋಡಿಗೇ ಮಾಫಿ, ಪತ್ತೆಯೇ ಇಲ್ಲ. ನಾನು ಎಂತ ಮಾಡುವುದು? ಐದು ಬಾಟ್ಲಿ ನಾವೇ ತಿಂದೆವು. ಒಳ್ಳೆ ಮಿಡಿ, ಸುಳ್ಳು ಹೇಳುವುದಿಲ್ಲ."

"ಇದ್ದಾನಾ ಹಾಗಾದರೆ?" ಎಂದೆ. ಎಷ್ಟು ಪೆದ್ದು ಪ್ರಶ್ನೆ.

"ಇಲ್ಲದೆ? ಹೋಳಿಗೆ ತಿಂದು ದಪ್ಪ ಆಗಿದ್ದಾನೆ."

"ಕೋವಿ?"

"ಅದನ್ನು ಆ ವರ್ಷವೇ ಬಿಟ್ಟುಕೊಟ್ಟ ಅಲ್ವಾ. ಊರಿಗೆ ಹೋದವ ಸೀದಾ ಸ್ಟೇಷನ್ನಿಗೆ ಹೋಗಿ, ನಮಗೆ ಬೇಡ ಅಂತ ಬರೆದುಕೊಟ್ಟ. ಕೊಡುವ ಮೊದಲು ಒಮ್ಮೆ ಹಿಡಿ ಮುಟ್ಟಿ ನೋಡ್ಲಿಕ್ಕೆ ಬಿಟ್ರಂತೆ. ಈಗ ಮಂಗ ಬಂದ್ರೆ ಗರ್ನಾಲ್ ಪಟಾಕಿ ಬಿಡ್ತಾನೆ. ಮಂಗಳೂರಿಗೆ ಹೋಗಿ ಮದ್ದು ತರ್ತಾನೆ. ಯಾರು ಕೇಳಿದ್ರೂ ಹೇಳ್ತಾನೆ, ಇದು ಮಂಡೆಬಿಸಿಯ ಮದ್ದು, ನಾಚಿಕೆ ಎಂತದಕ್ಕೆ ಅಂತ."

ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡೆ. ಬಾಟಲಿಯ ಬಾಯಿಗೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಮತ್ತೊಂದು ಪ್ಲಾಸ್ಟಿಕ್, ಪ್ಲಾಂಟಿನಲ್ಲಿ ಪೈಪಿನ ಜೋಡಣೆಗೆ ಸುತ್ತುವ ಬಿಳಿ ಟೇಪು ಹತ್ತು ಸುತ್ತು. ಐದು ಸಲ ಹೀಗೆಯೇ ಕಟ್ಟಿ ಕಳಿಸಿದ್ದಾನೆ, ಐದು ಸಲವೂ ನಾನು ಮೂರು ಸಿಗ್ನಲ್ ಆಚೆ ಅಕ್ಕಿ ತೂಗಿಸುತ್ತಿದ್ದೆ. ಬಾಟಲಿಯನ್ನು ತಲೆಕೆಳಗೆ ಮಾಡಿ ಹಿಡಿದೆ. ಒಂದು ಹನಿ ಬರಲಿಲ್ಲ.

ಸಿದ್ದೀಕ್ ಕೇಳದೆಯೇ ತನ್ನ ಫೋನಿನಿಂದ ನಂಬರು ತೆಗೆದು ನನ್ನ ಫೋನಿನಲ್ಲಿ ಒತ್ತಿ ಕೈಗೆ ಕೊಟ್ಟ. ನಾಲ್ಕು ಸಲ ರಿಂಗಾಯಿತು. ಹಲೋ ಎಂಬ ದನಿ ಬಂತು. ಬಾಟಲಿ ಹಿಡಿದುಕೊಂಡೇ ಫೋನನ್ನು ಕಿವಿಗೆ ಒತ್ತಿಕೊಂಡೆ. ನನ್ನ ನಂಬರು ಬದಲಾಗಿರಲಿಲ್ಲ, ಅವನು ಗುರುತಿಸಿರಬೇಕು.

"ಅಕ್ಕ" ಎಂದ. "ಸೋರಿತಾ?"

"ಇಲ್ಲ ಮಾರಾಯ" ಎಂದೆ. "ಸೋರಲಿಲ್ಲ."